ಅಲಿಸ್ಟೇರ್ ಕುಕ್: ಪರದೇಶದಲ್ಲಿ ಕೂತು 58 ವರ್ಷ ರೇಡಿಯೊದಲ್ಲಿ ಮಾತಾಡಿದವರು. ಕೇಳಿದವರು ಯಾರಾದ್ರೂ ಇದ್ದೀರಾ?

ಬಾನುಲಿಬಸ್ಯ:

ಮೊದಲೇ ಹೇಳಿಬಿಡ್ತೀನಿ, ಇದು ಕ್ರಿಕೆಟ್ ಚರ್ಚೆ ಅಲ್ಲ. ಇಂಗ್ಲೆಂಡಿನ ಓಪನರ್ ಬೇರೆ, ಇವರು ಬೇರೆ. ಬಿಬಿಸಿಯಲ್ಲಿ 'ಲೆಟರ್ ಫ್ರಮ್ ಅಮೆರಿಕ' ಅಂತ ವಾರಕ್ಕೊಂದು ಕಾಲು ಗಂಟೆ ಮಾತಾಡುತ್ತಿದ್ದರಲ್ಲ, ಆ ಅಜ್ಜ. 1946ರ ಮಾರ್ಚ್ 24ಕ್ಕೆ ಶುರುವಾಗಿ 2004ರ ಫೆಬ್ರುವರಿ 20ಕ್ಕೆ ನಿಂತಿತು. ಒಟ್ಟು 2,869 ಕಂತು. ನಡುವೆ ಹಾಡಿಲ್ಲ, ಅತಿಥಿ ಇಲ್ಲ, ಫೋನ್ ಮಾಡೋರಿಲ್ಲ. ಒಂದೇ ದನಿ. ಬಿಬಿಸಿ ಮೊದಲು ಒಪ್ಪಿಕೊಂಡಿದ್ದು ಬರೀ 13 ವಾರಕ್ಕೆ!

ನಾನು ಮೆಲ್ಬರ್ನ್‌ನಲ್ಲಿದ್ದೇನೆ. ಇಲ್ಲಿನ ಒಂದು ಸಮುದಾಯ ಎಫ್‌ಎಂನಲ್ಲಿ ವಾರಕ್ಕೆ ಅರ್ಧ ಗಂಟೆ ಕನ್ನಡ ಕಾರ್ಯಕ್ರಮ ನಡೆಸುತ್ತೇನೆ. ಸಂಬಳ ಗಿಂಬಳ ಏನಿಲ್ಲ, ಚಟ ಅಷ್ಟೇ. ಹಾಡು ಹಾಕೋದು ಸುಲಭ. ಹಾಡಿನ ನಡುವೆ ಮಾತಾಡೋದೇ ಕಷ್ಟ. ಅದಕ್ಕೇ ಕೆಲವು ತಿಂಗಳಿಂದ ಕುಕ್ ಅವರ ಹಳೇ ಕಂತುಗಳನ್ನು ಬಿಬಿಸಿ ಆರ್ಕೈವ್‌ನಲ್ಲಿ ಒಂದೊಂದಾಗಿ ಕೇಳುತ್ತಿದ್ದೇನೆ. ತಲೆಯಲ್ಲಿ ತುಂಬಾ ತುಂಬಿಕೊಂಡಿದೆ, ಇಲ್ಲಿ ಸುರಿಯುತ್ತೇನೆ.

ಹುಟ್ಟಿದ್ದು 1908ರಲ್ಲಿ, ಮ್ಯಾಂಚೆಸ್ಟರ್ ಪಕ್ಕದ ಸಾಲ್ಫರ್ಡ್‌ನಲ್ಲಿ. ಅಪ್ಪ ಕಬ್ಬಿಣದ ಕೆಲಸದವರು, ಜೊತೆಗೆ ಮೆಥಡಿಸ್ಟ್ ಚರ್ಚಿನಲ್ಲಿ ಉಪದೇಶ ಮಾಡುತ್ತಿದ್ದರು. ಮನೆಯಲ್ಲಿ ಇಟ್ಟ ಹೆಸರು ಆಲ್ಫ್ರೆಡ್. ಅಲಿಸ್ಟೇರ್ ಅನ್ನೋದು 22ನೇ ವಯಸ್ಸಲ್ಲಿ ತಾನೇ ಇಟ್ಟುಕೊಂಡದ್ದು. ಮೊದಲ ಮಹಾಯುದ್ಧದ ಹೊತ್ತಿಗೆ ಕುಟುಂಬ ಬ್ಲ್ಯಾಕ್‌ಪೂಲ್ ಅನ್ನೋ ಕಡಲತೀರದ ಊರಿಗೆ ಬಂತು. ಅಲ್ಲಿ ಅವರ ಮನೆಯಲ್ಲಿ ಅಮೆರಿಕನ್ ಸೈನಿಕರಿಗೆ ಉಳಿಯಲು ಜಾಗ ಕೊಟ್ಟಿದ್ದರು. ಹುಡುಗ ಅಮೆರಿಕನ್ನರನ್ನು ಮೊದಲು ನೋಡಿದ್ದು ಹಾಗೆ, ತನ್ನ ಮನೆಯ ಊಟದ ಮೇಜಿನ ಹತ್ತಿರ.

ಆಮೇಲೆ ಕೇಂಬ್ರಿಜ್, ನಾಟಕದ ಗೀಳು. 1932ರಲ್ಲಿ ಕಾಮನ್‌ವೆಲ್ತ್ ಫಂಡ್ ಫೆಲೋಶಿಪ್ ಸಿಕ್ಕಿ ಯೇಲ್‌ಗೆ, ಆಮೇಲೆ ಹಾರ್ವರ್ಡ್‌ಗೆ ಹೋದರು. ಆ ಫೆಲೋಶಿಪ್‌ಗೆ ಒಂದು ಷರತ್ತಿತ್ತು: ಬೇಸಿಗೆ ರಜೆಯಲ್ಲಿ ದೇಶ ಸುತ್ತಬೇಕು. ಎಂಥಾ ಒಳ್ಳೇ ಷರತ್ತು ಅಲ್ವಾ? ಕಾರು ಹತ್ತಿ ಊರೂರು ಸುತ್ತಿದರು. ನಾಟಕ ಹಿಂದೆ ಬಿತ್ತು, ದೇಶ ಮುಂದೆ ಬಂತು. ಹಾಲಿವುಡ್ ಮುಟ್ಟಿದಾಗ ಚಾರ್ಲಿ ಚಾಪ್ಲಿನ್‌ರನ್ನು ಸಂದರ್ಶನ ಮಾಡಿದರು. ಅದು ಸ್ನೇಹಕ್ಕೆ ತಿರುಗಿತು. ನೆಪೋಲಿಯನ್ ಬಗ್ಗೆ ಒಂದು ಚಿತ್ರಕಥೆಗೆ ಇಬ್ಬರೂ ಸೇರಿ ಕೂತರು, ಆ ಸಿನಿಮಾ ಬರಲೇ ಇಲ್ಲ. 1934ರಲ್ಲಿ ಕುಕ್ ಮದುವೆಗೆ ಚಾಪ್ಲಿನ್ ವರನ ಪಕ್ಕ ನಿಲ್ಲಬೇಕಿತ್ತು. ಅದಕ್ಕೂ ಬರಲಿಲ್ಲ.

ಅದೇ ವರ್ಷ ಬಾಸ್ಟನ್‌ನಲ್ಲಿ ಪೇಪರ್ ನೋಡುವಾಗ ಒಂದು ಸುದ್ದಿ ಕಣ್ಣಿಗೆ ಬಿತ್ತು. ಬಿಬಿಸಿಯವರು ತಮ್ಮ ಸಿನಿಮಾ ವಿಮರ್ಶಕನನ್ನು ತೆಗೆದುಹಾಕಿದ್ದಾರೆ. ಆ ವಿಮರ್ಶಕ ಮಾಜಿ ಪ್ರಧಾನಿ ಬಾಲ್ಡ್ವಿನ್ ಅವರ ಮಗ, ಹಾಗಾಗಿ ಅಮೆರಿಕದ ಪೇಪರಿನಲ್ಲೂ ಸುದ್ದಿ. ಕುಕ್ ತಕ್ಷಣ ಅರ್ಜಿ ಹಾಕಿದರು, ಹಡಗು ಹತ್ತಿದರು, ಕೆಲಸ ಹಿಡಿದರು.

ಇಲ್ಲಿಂದ ಮುಂದೆ ನನಗೆ ಬಹಳ ಇಷ್ಟವಾದ ಭಾಗ. ಲಂಡನ್‌ನಲ್ಲಿದ್ದಾಗ ಅಮೆರಿಕದ ಎನ್‌ಬಿಸಿಗೆ ವಾರಕ್ಕೊಮ್ಮೆ ಇಂಗ್ಲೆಂಡಿನ ಬಗ್ಗೆ ಮಾತಾಡುತ್ತಿದ್ದರು. ಅಂದ್ರೆ ಮುಂದೆ ಜೀವನಪೂರ್ತಿ ಮಾಡಿದ ಕೆಲಸವನ್ನು ಮೊದಲು ತಿರುಗಾಮುರುಗಾ ಮಾಡಿದ್ದರು. 1936ರ ಡಿಸೆಂಬರ್‌ನಲ್ಲಿ ಎಂಟನೇ ಎಡ್ವರ್ಡ್ ಸಿಂಹಾಸನ ಬಿಟ್ಟ ಗಲಾಟೆ ಆಯ್ತಲ್ಲ, ಆಗ ಹತ್ತು ದಿನದಲ್ಲಿ ಸುಮಾರು 4 ಲಕ್ಷ ಪದ ಮಾತಾಡಿದರಂತೆ. 1937ರಲ್ಲಿ ಗಂಟುಮೂಟೆ ಕಟ್ಟಿಕೊಂಡು ಅಮೆರಿಕಕ್ಕೇ ಹೋದರು. 1941ರ ಡಿಸೆಂಬರ್ 1ಕ್ಕೆ ಅಲ್ಲಿನ ಪ್ರಜೆಯಾದರು. ಆರು ದಿನ ಕಳೆದು ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ.

ನನ್ನ ಪ್ರಶ್ನೆ ಇದು. ಬ್ರಿಟಿಷರು ಇವರನ್ನು ಅಮೆರಿಕನ್ ಅಂದುಕೊಂಡರು. ಅಮೆರಿಕನ್ನರಿಗೆ ಇವರು ಪಕ್ಕಾ ಇಂಗ್ಲಿಷ್ ಜಂಟಲ್‌ಮನ್. ಎರಡೂ ಕಡೆ ಪೂರ್ತಿ ಸೇರದವರಿಗೇ ಈ ಕೆಲಸ ಚೆನ್ನಾಗಿ ಆಗೋದಾ? ಇಲ್ಲಾ ನಾನು ಸುಮ್ನೆ ನನ್ನ ಪರಿಸ್ಥಿತಿಗೆ ಸಮಾಧಾನ ಹುಡುಕುತ್ತಿದ್ದೀನಾ?

ಪಾಪ್‌ಕಾರ್ನ್ ಪುಟ್ಟ:

12,000 ರನ್ ಹೊಡೆದವನು ರೇಡಿಯೊದಲ್ಲೂ ಇದ್ನಾ 😀

ಬಾನುಲಿಬಸ್ಯ:

ಪುಟ್ಟ, ಮೊದಲ ಸಾಲು ಬರೆದಿದ್ದೇ ನಿನಗೋಸ್ಕರ.

ಕಡಲಂಚು:

ನಾನು ಕೇಳಿದ್ದೇನೆ. ಮಂಗಳೂರು ಕಡೆಯವರಿಗೆ ಒಂದು ಅನುಕೂಲ ಇತ್ತು. ಓಮಾನ್‌ನಲ್ಲಿ ಬಿಬಿಸಿಯ ರಿಲೇ ಕೇಂದ್ರ ಇತ್ತು, ಅದು ಮೀಡಿಯಂ ವೇವ್‌ನಲ್ಲಿ 1413 ಕಿಲೋಹರ್ಟ್ಸ್‌ಗೆ ಬರುತ್ತಿತ್ತು. ನಡುವೆ ಬರೀ ಸಮುದ್ರ, ಹಾಗಾಗಿ ಕತ್ತಲಾದ ಮೇಲೆ ಊರಿನ ಸ್ಟೇಷನ್ ಥರ ಕೇಳಿಸುತ್ತಿತ್ತು. ಹಗಲಲ್ಲಿ ಮಾತ್ರ ಶಾರ್ಟ್‌ವೇವ್ ಮುಳ್ಳು ತಿರುಗಿಸಿ ತಿರುಗಿಸಿ ಸಾಕಾಗುತ್ತಿತ್ತು.

ಕುಕ್ ದನಿ ಮರೆಯೋಕೆ ಆಗಲ್ಲ. ಗೊಗ್ಗರು ಗೊಗ್ಗರು, ನಿಧಾನ. ನಾನು ಕೇಳುವ ಕಾಲಕ್ಕೆ ಆಗಲೇ 80 ದಾಟಿತ್ತು. ಶುರುವಿನಲ್ಲಿ ಎಲೆ ಉದುರೋದು, ಗಾಲ್ಫ್ ಆಟ, ಯಾವುದೋ ಹಳೇ ಹೋಟೆಲಿನವನ ಕಥೆ. ಐದು ನಿಮಿಷ ಆದರೂ ವಿಷಯ ಏನು ಅಂತ ಗೊತ್ತಾಗಲ್ಲ. ಇದ್ದಕ್ಕಿದ್ದಂತೆ ಸುಪ್ರೀಂ ಕೋರ್ಟಿನ ತೀರ್ಪಿನ ನಡುಮಧ್ಯ ನಿಂತಿರುತ್ತಿದ್ದೆವು. ಎಲ್ಲಿ ತಿರುಗಿದರು ಅಂತ ಹಿಂದೆ ನೋಡಿದರೆ ಗುರುತೇ ಸಿಗುತ್ತಿರಲಿಲ್ಲ.

ನಿವೃತ್ತ ಮೇಷ್ಟ್ರು:

ಅದು ಅಭ್ಯಾಸದಿಂದ ಬಂದದ್ದು. ಏನು ಹೇಳಬೇಕು ಅಂತ ಮೊದಲೇ ಗೊತ್ತುಮಾಡಿಕೊಳ್ಳದೆ ಟೈಪ್‌ರೈಟರ್ ಮುಂದೆ ಕೂರುತ್ತಿದ್ದರು. ಒಂದು ನೆನಪು ಇನ್ನೊಂದನ್ನು ಎಳೆದು ತರಬೇಕು, ಅಷ್ಟೇ ಅವರ ಲೆಕ್ಕ. ಆದರೆ ಒಂದು ವಿಷಯ ಗಮನಿಸಿ. ಆ ಮಾತೆಲ್ಲ ಬರೆದದ್ದು. ಒಂದೊಂದು ಪದವೂ ಹಾಳೆ ಮೇಲೆ ಇರುತ್ತಿತ್ತು. ಬಾಯಿಗೆ ಬಂದದ್ದು ಹೇಳುತ್ತಿದ್ದಾರೆ ಅಂತ ಕೇಳುವವರಿಗೆ ಅನ್ನಿಸುತ್ತಿತ್ತು, ಅದೇ ಕಸುಬು. ಆ ಹಾಳೆಗಳು ಈಗ ಬಾಸ್ಟನ್ ವಿಶ್ವವಿದ್ಯಾಲಯದಲ್ಲಿವೆ.

ಇನ್ನೊಂದು. ಲಕ್ಷಾಂತರ ಜನರಿಗೆ ಮಾತಾಡುತ್ತಿದ್ದೇನೆ ಅಂದುಕೊಂಡರೆ ದನಿ ಭಾಷಣದ ಮಟ್ಟಕ್ಕೆ ಏರುತ್ತದೆ. ಕೋಣೆಯಲ್ಲಿ ಒಬ್ಬಿಬ್ಬರು ಕೂತಿದ್ದಾರೆ ಅಂದುಕೊಂಡು ಮಾತಾಡಬೇಕು ಅನ್ನೋದು ಅವರ ಪಾಠ. ನಮ್ಮ ಎಫ್‌ಎಂ ಹುಡುಗರು ಬೆಳಗ್ಗೆ ಏಳು ಗಂಟೆಗೆ ಕಿರುಚೋದು ಕೇಳಿದಾಗೆಲ್ಲ ಈ ಮಾತು ನೆನಪಾಗುತ್ತದೆ.

ಬಸ್ಯ ಅವರ ಪ್ರಶ್ನೆಗೆ ನನ್ನ ಉತ್ತರ ಅರ್ಧ ಹೌದು, ಅರ್ಧ ಅಲ್ಲ. ಹೊರಗಿನಿಂದ ಬಂದವನಿಗೆ ಊರಿನವರಿಗೆ ಕಾಣದ್ದು ಕಾಣುತ್ತದೆ, ನಿಜ. ಮೊದಲ ಕಂತಿನಲ್ಲೇ ನೋಡಿ. ಅಮೆರಿಕನ್ ಸೈನಿಕರನ್ನು ಮದುವೆಯಾಗಿ ಹಡಗಿನಲ್ಲಿ ಅಟ್ಲಾಂಟಿಕ್ ದಾಟುತ್ತಿದ್ದ ಬ್ರಿಟಿಷ್ ಹುಡುಗಿಯರ ಬಗ್ಗೆ ಮಾತಾಡಿದ್ದಾರೆ. ದೊಡ್ಡ ದೊಡ್ಡ ಒಪ್ಪಂದಗಳ ಕಾಲ ಅದು. ವಾಷಿಂಗ್ಟನ್‌ನಲ್ಲಿ ಹುಟ್ಟಿ ಬೆಳೆದ ವರದಿಗಾರನಿಗೆ ಈ ಹುಡುಗಿಯರು ಕಾಣುತ್ತಿದ್ದರಾ? ಅನುಮಾನ.

ಸುಮಾ ನ್ಯೂಜೆರ್ಸಿ:

ಪೌರತ್ವದ ವಿಷಯ ಬಂದಿದ್ದಕ್ಕೆ ಬರೆಯುತ್ತಿದ್ದೇನೆ. 1941ರಲ್ಲಿ ಲಂಡನ್ ಮೇಲೆ ಬಾಂಬ್ ಬಿದ್ದು ಇನ್ನೂ ಹೊಗೆ ಆರಿರಲಿಲ್ಲ. ಆಗ ತಾನು ಅಮೆರಿಕನ್ ಆಗ್ತೀನಿ ಅಂತ ಪ್ರಮಾಣ ಮಾಡೋದು ಸಣ್ಣ ವಿಷಯ ಅಲ್ಲ. ಅವರ ದೇಶದಲ್ಲಿ ಬಹಳ ಜನ ಮುಖ ಸಿಂಡರಿಸಿಕೊಂಡರು. ಊರು ಉರಿಯುವಾಗ ಓಡಿಹೋದವನು ಅನ್ನೋ ಮಾತು ಸುಲಭ. ಆದರೆ ಅವರು ಹೋಗಿದ್ದು 1937ರಲ್ಲಿ, ಯುದ್ಧಕ್ಕೆ ಎರಡು ವರ್ಷ ಮುಂಚೆ. ಅದನ್ನು ಯಾರೂ ಎಣಿಸಲ್ಲ.

ನಾನೂ ಇಲ್ಲಿ ಆ ಪ್ರಮಾಣ ಮಾಡಿದವಳೇ. ಕೈ ಎತ್ತಿ ಹೇಳಬೇಕು, ಹಳೇ ನಿಷ್ಠೆ ಎಲ್ಲ ಬಿಟ್ಟೆ ಅಂತ. ಹೇಳಿ ಹೊರಗೆ ಬಂದರೆ ಪುಟ್ಟ ಬಾವುಟ ಕೊಡ್ತಾರೆ. ಆಮೇಲೆ ಭಾರತದ ಪಾಸ್‌ಪೋರ್ಟ್ ಒಪ್ಪಿಸಿ, ಹೊರದೇಶದ ಪ್ರಜೆಗಳಾದ ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡಿಗೆ ಅರ್ಜಿ ಹಾಕೋದು. ಊರಲ್ಲಿ ಚಿಕ್ಕಪ್ಪ ಕೇಳಿದ್ದು ಒಂದೇ ಪ್ರಶ್ನೆ, "ಇನ್ನು ನೀನು ಇಲ್ಲಿ ಓಟು ಹಾಕೋ ಹಾಗಿಲ್ಲ, ಹಂಗಾದ್ರೆ ನಮ್ಮ ರಾಜಕೀಯದ ಬಗ್ಗೆ ಯಾಕೆ ಮಾತಾಡ್ತೀಯ?"

ಕುಕ್ ಈ ಪ್ರಶ್ನೆಯನ್ನು ಜಾಣತನದಿಂದ ದಾಟಿದರು ಅನ್ಸುತ್ತೆ. ಅವರು ಬ್ರಿಟನ್ನಿಗೆ ಬುದ್ಧಿ ಹೇಳಲು ಹೋಗಲಿಲ್ಲ. ತಾನು ಇರುವ ಜಾಗ ಹೇಗಿದೆ ಅಂತ ಮಾತ್ರ ಹೇಳಿದರು. ನಾವು ಇಲ್ಲಿ ಕೂತು ಉಲ್ಟಾ ಮಾಡ್ತೀವಿ. ಇಲ್ಲಿಯ ಶಾಲಾ ಬೋರ್ಡ್ ಚುನಾವಣೆ ಬಗ್ಗೆ ಒಂದಕ್ಷರ ಗೊತ್ತಿರಲ್ಲ, ಬೆಂಗಳೂರಿನ ಫ್ಲೈಓವರ್ ಬಗ್ಗೆ ದಿನಾ ಉಪದೇಶ.

ಹುಬ್ಳಿ ಹೈದ:

ಸುಮಾ ಅಕ್ಕಾರ, ಕೊನೇ ಸಾಲು ಪ್ರಿಂಟ್ ಹಾಕಿಸಿ ನಮ್ಮ ಫ್ಯಾಮಿಲಿ ವಾಟ್ಸ್ಯಾಪ್ ಗ್ರೂಪಿಗೆ ಕಳಸ್ತೀನಿ ನೋಡ್ರಿ.

ನಮ್ಮ ಕಡೆ ಹೊರದೇಶದಿಂದ ಮಾತಾಡಿ ಮನೆಮಾತಾದವರು ಅಂದ್ರೆ ರೇಡಿಯೊ ಸಿಲೋನ್‌ನವರು. ನಮ್ಮ ಮಾಮಾ ಹೇಳುತ್ತಿದ್ದ. 1952ರಿಂದ 62ರ ತನಕ ಕೇಸ್ಕರ್ ಅಂತ ವಾರ್ತಾ ಮಂತ್ರಿ. ಸಿನಿಮಾ ಹಾಡು ಕೇಳಿದರೆ ಜನ ಕೆಡ್ತಾರೆ ಅಂತ ಆಕಾಶವಾಣಿಯಿಂದ ಅವನ್ನ ಓಡಿಸಿಬಿಟ್ಟರು. ಜನ ಏನು ಮಾಡಿದರು? ಮುಳ್ಳು ಕೊಲಂಬೊ ಕಡೆ ತಿರುಗಿಸಿದರು. ಅಲ್ಲಿ ಯುದ್ಧಕಾಲದಲ್ಲಿ ಮೌಂಟ್‌ಬ್ಯಾಟನ್ ಸೇನೆಗೆ ಹಾಕಿದ್ದ ದೊಡ್ಡ ಟ್ರಾನ್ಸ್‌ಮಿಟರ್ ಇತ್ತು, ಇಡೀ ಭಾರತಕ್ಕೆ ಕೇಳೋದು. ಉತ್ತರಪ್ರದೇಶದ ಗೋಪಾಲ್ ಶರ್ಮಾ 1956ರಲ್ಲಿ ಅಲ್ಲಿಗೆ ಹೋಗಿ 67ರ ತನಕ ಹಿಂದಿ ಕಾರ್ಯಕ್ರಮ ನಡೆಸಿದರು. ಅವರೂ ಪರದೇಶದಲ್ಲಿ ಕೂತ ಅನೌನ್ಸರೇ ಅಲ್ವಾ?

ತಮಾಷೆ ಏನಂದ್ರ, ಅಲ್ಲಿಂದ ಬರುತ್ತಿದ್ದ ಹಿಂದಿ ಸಿನಿಮಾ ಹಾಡಿನ ಕಾರ್ಯಕ್ರಮ ಬಿನಾಕಾ ಗೀತಮಾಲಾದ ಅಮೀನ್ ಸಯಾನಿ ಸಿಲೋನ್‌ನಲ್ಲೇ ಇದ್ದಾರೆ ಅಂತ ನಮ್ಮ ಮಾಮಾ ಸಾಯೋ ತನಕ ನಂಬಿದ್ದ. ಅವರು ಮುಂಬೈಯಲ್ಲಿ ಕೂತು ರೆಕಾರ್ಡ್ ಮಾಡುತ್ತಿದ್ದರು. ಟೇಪು ವಿಮಾನದಾಗ ಕೊಲಂಬೊಕ್ಕೆ ಹೋಗಿ, ಅಲ್ಲಿಂದ ಗಾಳಿಯಾಗ ನಮ್ಮ ಮನೀಗೆ ವಾಪಸ್.

ಬಾನುಲಿಬಸ್ಯ:

ಹೈದ, ಸಯಾನಿ ಕಥೆ ಚೆನ್ನಾಗಿದೆ. ಆದರೆ ಗೋಪಾಲ್ ಶರ್ಮಾ ಮತ್ತು ಕುಕ್ ನಡುವೆ ಒಂದು ವ್ಯತ್ಯಾಸ ಇದೆ. ಶರ್ಮಾ ಕೊಲಂಬೊದಲ್ಲಿ ಕೂತು ನಮಗೆ ನಮ್ಮದೇ ಹಾಡು ಕೇಳಿಸಿದರು. ಕುಕ್ ಪರದೇಶವನ್ನೇ ಬಿಚ್ಚಿ ತೋರಿಸಿದರು. ನಾನು ಮೆಲ್ಬರ್ನ್‌ನಲ್ಲಿ ಮಾಡುತ್ತಿರುವುದು ಶರ್ಮಾ ಅವರ ಕೆಲಸ. ಮಾಡಬೇಕು ಅಂತಿರೋದು ಕುಕ್ ಅವರ ಕೆಲಸ.

ನಿವೃತ್ತ ಮೇಷ್ಟ್ರು:

ಹೊಗಳಿಕೆ ಜಾಸ್ತಿ ಆಯ್ತು, ಸ್ವಲ್ಪ ಹುಳಿ ಹಿಂಡುತ್ತೇನೆ.

ಕುಕ್ ತೋರಿಸಿದ್ದು ಯಾವ ಅಮೆರಿಕ? ನ್ಯೂಯಾರ್ಕ್‌ನ ಫಿಫ್ತ್ ಅವೆನ್ಯೂನಲ್ಲಿ, ಸೆಂಟ್ರಲ್ ಪಾರ್ಕ್ ಎದುರಿಗೆ, 15ನೇ ಮಹಡಿಯ ಫ್ಲ್ಯಾಟ್. ಗಾಲ್ಫ್, ಕ್ಲಬ್ಬು, ಸಂಜೆ ವಿಸ್ಕಿ. ಆ ಕಿಟಕಿಯಿಂದ ಕಾಣುವ ಅಮೆರಿಕ ಒಂದು. ಕರಿಯರು ಬೀದಿಗಿಳಿದು ಹಕ್ಕು ಕೇಳಿದ ಕಾಲಕ್ಕೆ ಅವರ ದನಿಯಲ್ಲಿ ಆತುರ ಇರಲಿಲ್ಲ, 'ಎಲ್ಲ ನಿಧಾನಕ್ಕೆ ಸರಿಹೋಗುತ್ತೆ' ಅನ್ನೋ ಧಾಟಿ. ವಯಸ್ಸಾದಂತೆ ಹೊಸ ಕಾಲದ ಮೇಲೆ ಗೊಣಗಾಟವೂ ಹೆಚ್ಚಿತು. ವಾರ ವಾರ ಒಂದೇ ದನಿ ಕೇಳಿದರೆ ಒಂದು ಅಪಾಯ ಇದೆ. ಆ ದನಿಗೆ ಕಾಣದ್ದು ಇಲ್ಲವೇ ಇಲ್ಲ ಅಂತ ನಂಬಿಬಿಡುತ್ತೇವೆ.

ನಮ್ಮಲ್ಲಿ ಮಾರ್ಕ್ ಟಲಿ ಅವರನ್ನು ನೋಡಿ. ಕಲ್ಕತ್ತೆಯಲ್ಲಿ ಹುಟ್ಟಿದ ಇಂಗ್ಲಿಷರು, ದೆಹಲಿಯಲ್ಲಿ ಬಿಬಿಸಿಯ ಮುಖ್ಯಸ್ಥರಾಗಿ 20ಕ್ಕೂ ಹೆಚ್ಚು ವರ್ಷ ಇದ್ದರು. ರೈಲು ಹತ್ತಿ ಹಳ್ಳಿಗೆ ಹೋಗೋರು, ಹಿಂದಿಯಲ್ಲಿ ಮಾತಾಡೋರು. 1992ರ ಡಿಸೆಂಬರ್‌ನಲ್ಲಿ ಅಯೋಧ್ಯೆಯಲ್ಲೇ ಇದ್ದರು. ಪದ್ಮಶ್ರೀ, ಪದ್ಮಭೂಷಣ ಎರಡೂ ಬಂತು. ನನ್ನ ಮತ ಅವರಿಗೆ.

ಕಡಲಂಚು:

ಮೇಷ್ಟ್ರೇ, ಟಲಿ ವರದಿಗಾರರು. ಕುಕ್ ಹರಟೆಗಾರರು. ಹೋಲಿಕೆ ಸರಿ ಕೂರಲ್ಲ.

ಅಲ್ಲದೆ ಕುಕ್ ಕಿಟಕಿ ಬಿಟ್ಟು ಕದಲಲಿಲ್ಲ ಅನ್ನೋದೂ ಅನ್ಯಾಯ. ಮ್ಯಾಂಚೆಸ್ಟರ್ ಗಾರ್ಡಿಯನ್ ಪತ್ರಿಕೆಗೆ 1972ರ ತನಕ ವರದಿ ಮಾಡಿದವರು ಅವರು. 1942ರಲ್ಲಿ, ಪೆಟ್ರೋಲ್ ರೇಷನ್ ಕಾಲದಲ್ಲಿ, ಇಡೀ ದೇಶ ಕಾರಲ್ಲಿ ಸುತ್ತಿದ್ದಾರೆ, ಯುದ್ಧ ಸಾಮಾನ್ಯ ಜನರ ಬದುಕನ್ನು ಏನು ಮಾಡಿತು ಅಂತ ನೋಡೋಕೆ. ಆ ಹಸ್ತಪ್ರತಿ ಮನೆಯ ಕಪಾಟಿನಲ್ಲಿ ಬಿದ್ದುಕೊಂಡಿತ್ತು, ಅವರು ಸಾಯುವ ಸ್ವಲ್ಪ ಮುಂಚೆ ಸಿಕ್ಕಿತು. ಪುಸ್ತಕವಾಗಿ ಬಂದದ್ದು ಅವರು ಹೋದ ಮೇಲೆ.

ಮತ್ತೆ 1968ರ ಜೂನ್ ಕಂತು ಕೇಳಿ. ಲಾಸ್ ಏಂಜಲೀಸ್‌ನ ಅಂಬಾಸಿಡರ್ ಹೋಟೆಲ್. ರಾಬರ್ಟ್ ಕೆನಡಿ ಪ್ರೈಮರಿ, ಅಂದ್ರೆ ಪಕ್ಷದ ಅಧ್ಯಕ್ಷ ಅಭ್ಯರ್ಥಿಯನ್ನು ಆರಿಸುವ ಚುನಾವಣೆ, ಗೆದ್ದ ರಾತ್ರಿ. ಭಾಷಣ ಮುಗಿಸಿ ಅಡುಗೆಮನೆ ದಾರಿಯಾಗಿ ಬರ್ತಾರೆ ಅಂತ ಕುಕ್ ಆ ಕಡೆ ಕಾಯುತ್ತಿದ್ದರು. ಗುಂಡಿನ ಸದ್ದು ಮೊದಲು ಗುಂಡು ಅಂತ ಅನ್ನಿಸಲೇ ಇಲ್ಲ. ಒಳಗೆ ನುಗ್ಗಿದರೆ ನೆಲದ ಮೇಲೆ ಕೆನಡಿ. ಅಷ್ಟು ವರ್ಷ ವರದಿ ಮಾಡಿದ ಮನುಷ್ಯ, ಇಂಥ ಘಟನೆಯ ಜಾಗದಲ್ಲಿ ತಾನೇ ಇದ್ದದ್ದು ಬರೀ ಆಕಸ್ಮಿಕ ಅಂತ ಹೇಳಿಕೊಳ್ಳುತ್ತಾರೆ. ಆ ಕಂತಿನಲ್ಲಿ ಹರಟೆ ಇಲ್ಲ, ಗಾಲ್ಫ್ ಇಲ್ಲ. ಅದೇ ದನಿ, ಅದೇ ನಿಧಾನ. ಅದಕ್ಕೇ ಮೈ ನಡುಗುತ್ತದೆ.

ನಿವೃತ್ತ ಮೇಷ್ಟ್ರು:

ಆ ಕಂತಿನ ಬಗ್ಗೆ ಜಗಳ ಇಲ್ಲ. ಅದು ಅಪರೂಪದ್ದು. ಉಳಿದ 2,868ರ ಬಗ್ಗೆ ನನ್ನ ಮಾತು ಹಾಗೇ ಇರಲಿ.

ಸುಮಾ ನ್ಯೂಜೆರ್ಸಿ:

ಮೇಷ್ಟ್ರು ಗೊಣಗಾಟದ ವಿಷಯ ಎತ್ತಿದರಲ್ಲ, ಒಂದು ಸ್ವಾರಸ್ಯ ಹೇಳ್ತೀನಿ. ಕುಕ್ ಜಾಝ್ ಪ್ರೇಮಿ, ಪಿಯಾನೊ ಚೆನ್ನಾಗಿ ನುಡಿಸುತ್ತಿದ್ದರು. ರಾಕ್ ಸಂಗೀತ ಅಂದ್ರೆ ಅಷ್ಟಕ್ಕಷ್ಟೇ. ಅವರ ಮೊದಲ ಹೆಂಡತಿಯ ಮಗ ಜಾನ್ ಏನು ಮಾಡಿದ ಗೊತ್ತಾ? ರಾಕ್ ಗಾಯಕಿ ಜಾನಿಸ್ ಜಾಪ್ಲಿನ್ ತಂಡದ ರೋಡ್ ಮ್ಯಾನೇಜರ್, ಅಂದ್ರೆ ತಂಡದ ಪ್ರವಾಸ ನೋಡಿಕೊಳ್ಳೋನು, ಆದ. 1970ರ ಅಕ್ಟೋಬರ್‌ನಲ್ಲಿ ಜಾಪ್ಲಿನ್ ಹೋಟೆಲ್ ಕೋಣೆಯಲ್ಲಿ ಸತ್ತಿದ್ದನ್ನು ಮೊದಲು ನೋಡಿದವನೂ ಅವನೇ. ಅಪ್ಪ ಫಿಫ್ತ್ ಅವೆನ್ಯೂನಲ್ಲಿ ಅಮೆರಿಕವನ್ನು ವಿವರಿಸುತ್ತಿದ್ದರೆ ಮಗ ಆ ಅಮೆರಿಕದ ಇನ್ನೊಂದು ತುದಿಯಲ್ಲಿ ಬದುಕುತ್ತಿದ್ದ.

ಇಲ್ಲಿ ಅಮೆರಿಕದಲ್ಲಿ ಹಳಬರಿಗೆ ಕುಕ್ ಗೊತ್ತಿರೋದು ರೇಡಿಯೊದಿಂದ ಅಲ್ಲ. 'ಲೆಟರ್' ಇಲ್ಲಿ ಹೆಚ್ಚು ಜನ ಕೇಳಿದ್ದೇ ಇಲ್ಲ. 1971ರಿಂದ 92ರ ತನಕ ಪಬ್ಲಿಕ್ ಟೀವಿಯಲ್ಲಿ 'ಮಾಸ್ಟರ್‌ಪೀಸ್ ಥಿಯೇಟರ್' ನಿರೂಪಕ. ಬ್ರಿಟಿಷ್ ಧಾರಾವಾಹಿಗಳನ್ನು ಅಮೆರಿಕನ್ನರಿಗೆ ಪರಿಚಯ ಮಾಡಿಕೊಡುತ್ತಿದ್ದರು. ಮಕ್ಕಳ ಟೀವಿ ಕಾರ್ಯಕ್ರಮ ಸೆಸಮಿ ಸ್ಟ್ರೀಟ್‌ನಲ್ಲಿ ಕುಕೀ ಮಾನ್‌ಸ್ಟರ್ ಅನ್ನೋ ಬೊಂಬೆ ಅದೇ ಥರ ಕುರ್ಚಿಯಲ್ಲಿ ಕೂತು 'ಅಲಿಸ್ಟೇರ್ ಕುಕೀ' ಅಂತ ಅಣಕ ಮಾಡುತ್ತಿತ್ತು. ನನ್ನ ಗಂಡನಿಗೆ ಅದು ಅಣಕ ಅಂತ ಗೊತ್ತಾಗಿದ್ದು ಈ ಚರ್ಚೆ ಓದಿದ ಮೇಲೆ!

ನೋಡಿ, ಅಲ್ಲಿಯವರಿಗೆ ಇಲ್ಲಿಯದನ್ನು ಹೇಳಿದರು, ಇಲ್ಲಿಯವರಿಗೆ ಅಲ್ಲಿಯದನ್ನು. ಎರಡೂ ಕಡೆ ಸಂಬಳ. ಜಾಣ ಮನುಷ್ಯ.

ಪಾಪ್‌ಕಾರ್ನ್ ಪುಟ್ಟ:

ಹುಡುಕುವಾಗ ಮೂಳೆ ಕಳ್ಳತನ ಅಂತ ಏನೋ ಬಂತು. ಅದು ನಿಜಾನಾ?

ಸುಮಾ ನ್ಯೂಜೆರ್ಸಿ:

ನಿಜ. ನಮ್ಮ ರಾಜ್ಯದ ಕಂಪನಿಯೇ ಮಾಡಿದ್ದು, ನಾಚಿಕೆಗೇಡು.

2004ರ ಮಾರ್ಚ್ ಶುರುವಿನಲ್ಲಿ ವೈದ್ಯರ ಮಾತಿನಂತೆ ಕಾರ್ಯಕ್ರಮ ನಿಲ್ಲಿಸುತ್ತೇನೆ ಅಂದರು. ಅದೇ ತಿಂಗಳ ಕೊನೆಯಲ್ಲಿ ಹೋದರು, 95 ವರ್ಷ. ಶ್ವಾಸಕೋಶದ ಕ್ಯಾನ್ಸರ್ ಮೂಳೆಗೂ ಹರಡಿತ್ತು. ದೇಹ ಸುಡಲು ಕೊಟ್ಟರು, ಬೂದಿ ಬಂತು, ಮುಗಿಯಿತು ಅಂದುಕೊಂಡರು. 2005ರ ಡಿಸೆಂಬರ್‌ನಲ್ಲಿ ಪೊಲೀಸರಿಂದ ಮನೆಯವರಿಗೆ ಸುದ್ದಿ. ಶವಾಗಾರದಿಂದ ದೇಹಗಳ ಮೂಳೆ, ಚರ್ಮ ಕದ್ದು ಮಾರುವ ಜಾಲ ಒಂದು ಸಿಕ್ಕಿಬಿದ್ದಿತ್ತು. ಕುಕ್ ಅವರ ಮೂಳೆಯನ್ನೂ ತೆಗೆದು 7,000 ಡಾಲರ್‌ಗೂ ಹೆಚ್ಚಿಗೆ ಮಾರಿದ್ದರು. ಕಾಗದದಲ್ಲಿ 95ನ್ನು 85 ಮಾಡಿದ್ದರು. ಸಾವಿಗೆ ಕಾರಣ ಕ್ಯಾನ್ಸರ್ ಬದಲು ಹೃದಯಾಘಾತ ಅಂತ ಬರೆದಿದ್ದರು. ಯೋಚನೆ ಮಾಡಿ, ಆ ಮೂಳೆ ಇನ್ಯಾರದೋ ಆಪರೇಷನ್‌ಗೆ ಹೋಗೋದು! ಸಾವಿರದಷ್ಟು ಶವಗಳಿಗೆ ಹೀಗೆ ಮಾಡಿದ್ದರು. ಮುಖ್ಯ ಆರೋಪಿಗೆ 2008ರಲ್ಲಿ ಜೈಲಾಯಿತು.

ಹುಬ್ಳಿ ಹೈದ:

ಶಿವಾ ಶಿವಾ. ಇಂಥಾದ್ದನ್ನ ಕಥೀ ಬರೆದು ತಂದರ ಸಂಪಾದಕರು ವಾಪಸ್ ಕಳಸ್ತಾರ, 'ನಂಬೂ ಹಂಗಿಲ್ಲ' ಅಂತ.

ಸುಮಾ ನ್ಯೂಜೆರ್ಸಿ:

ಬೂದಿಯ ಕಥೆ ಸ್ವಲ್ಪ ಹಗುರ ಇದೆ. ಆಗ ಸೆಂಟ್ರಲ್ ಪಾರ್ಕ್‌ನಲ್ಲಿ ಬೂದಿ ಹಾಕೋ ಹಾಗಿರಲಿಲ್ಲವಂತೆ. ಅವರಿಗೆ ಅಲ್ಲೇ ಆಗಬೇಕಿತ್ತು. ಮನೆಯವರು ಸ್ಟಾರ್‌ಬಕ್ಸ್ ಕಾಫಿ ಲೋಟಗಳಲ್ಲಿ ತುಂಬಿಕೊಂಡು ವಾಕಿಂಗ್ ಹೊರಟವರ ಹಾಗೆ ಹೋಗಿ ಚೆಲ್ಲಿ ಬಂದರು. ಮಗಳು ಚರ್ಚಿನಲ್ಲಿ ಪಾದ್ರಿ.

ನಿವೃತ್ತ ಮೇಷ್ಟ್ರು:

ಪಾದ್ರಿಯೇ ಕಾನೂನು ಮುರಿದರೆ ಅದಕ್ಕೆ ಪರಿಹಾರವೂ ಅಲ್ಲೇ ಸಿಗುತ್ತದೆ ಬಿಡಿ.

ಆರ್ಕೈವ್ ಬಗ್ಗೆ ಒಂದು ಮಾಹಿತಿ. ಹಳೇ ಕಂತುಗಳಲ್ಲಿ ಬಹಳಷ್ಟನ್ನು ಬಿಬಿಸಿ ಉಳಿಸಿಕೊಂಡಿರಲಿಲ್ಲ. ವಾರದ ಮಾತು, ವಾರಕ್ಕೆ ಮುಗೀತು ಅನ್ನೋ ಕಾಲ. 2012ರಲ್ಲಿ 900ಕ್ಕೂ ಹೆಚ್ಚು ಕಂತು ಆನ್‌ಲೈನ್ ಹಾಕಿದರು. ಆಮೇಲೆ ಗೊತ್ತಾಯಿತು, ಇಂಗ್ಲೆಂಡಿನ ಇಬ್ಬರು ಕೇಳುಗರು ವರ್ಷಗಟ್ಟಲೆ ರೇಡಿಯೊ ಪಕ್ಕ ಟೇಪ್ ರೆಕಾರ್ಡರ್ ಇಟ್ಟು ಹಿಡಿದಿಟ್ಟಿದ್ದಾರೆ ಅಂತ. ಅವರಿಂದ ನೂರಾರು ಕಳೆದುಹೋದ ಕಂತು ವಾಪಸ್ ಬಂದವು. ನಿಮ್ಮ ಮನೆ ಅಟ್ಟದ ಮೇಲೆ ಹಳೇ ಕ್ಯಾಸೆಟ್ ಇದ್ದರೆ ಗುಜರಿಗೆ ಹಾಕೋ ಮುಂಚೆ ಒಂದ್ಸಲ ಕೇಳಿ. ಆಕಾಶವಾಣಿಯ ಎಷ್ಟು ನಾಟಕ, ಎಷ್ಟು ಭಾಷಣ ಹೀಗೆ ಯಾರ ಮನೆಯಲ್ಲಿ ಕೂತಿವೆಯೋ.

ಕಡಲಂಚು:

ಬಸ್ಯ, ನೀನು ಕೇಳಿದ ಪ್ರಶ್ನೆ ಬಿಟ್ಟು ನಾವೆಲ್ಲ ಎಲ್ಲಿಗೋ ಹೋದೆವು. ನನ್ನ ಅನಿಸಿಕೆ ಹೇಳ್ತೀನಿ. ಎರಡೂ ಕಡೆ ಸೇರದೆ ಇರೋದರಿಂದ ಏನೂ ಲಾಭ ಇಲ್ಲ. ಪರದೇಶದಲ್ಲಿ ಒಂಟಿಯಾಗಿ ಕೊರಗೋರು ಸಾವಿರ ಜನ ಇದ್ದಾರೆ, ಎಲ್ಲರೂ ಕುಕ್ ಆಗಲ್ಲ. ಅವರಿಗೆ ಕೆಲಸ ಮಾಡಿದ್ದು ಬೇರೆ. ಸಾಲ್ಫರ್ಡ್‌ನ ಅಡುಗೆಮನೆಯಲ್ಲಿ ಕೂತ ಹೆಂಗಸಿಗೆ ಏನು ಗೊತ್ತಿಲ್ಲ ಅನ್ನೋದು ಅವರಿಗೆ ಸರಿಯಾಗಿ ಗೊತ್ತಿತ್ತು. ಬಿಟ್ಟು ಬಂದ ಊರನ್ನು ಮರೆತಿರಲಿಲ್ಲ, ಬಂದ ಊರಿನ ಮೇಲೆ ಕುತೂಹಲವೂ ಸತ್ತಿರಲಿಲ್ಲ. 1973ರಲ್ಲಿ ಬ್ರಿಟನ್ ಅವರಿಗೆ ಗೌರವ ನೈಟ್ ಪದವಿ ಕೊಟ್ಟಿತು. ಅಮೆರಿಕನ್ ಪ್ರಜೆ ಆದ್ದರಿಂದ ಹೆಸರಿನ ಹಿಂದೆ 'ಸರ್' ಹಾಕೋ ಹಾಗಿರಲಿಲ್ಲ. ಮರುವರ್ಷ ಅಮೆರಿಕದ ಕಾಂಗ್ರೆಸ್ ತನ್ನ ಸಭೆಯಲ್ಲಿ ಮಾತಾಡಲು ಕರೆಯಿತು. ಸೇರದೇ ಇದ್ದವರಿಗೆ ಎರಡೂ ಮನೆಯಿಂದ ಹೀಗೆ ತಾಂಬೂಲ ಬರಲ್ಲ.

ಬಾನುಲಿಬಸ್ಯ:

ಕಡಲಂಚು, ಇದು ನನ್ನ ಪ್ರಶ್ನೆಗೆ ಸಿಕ್ಕ ಒಳ್ಳೇ ಉತ್ತರ. 'ಕೇಳುವವರಿಗೆ ಏನು ಗೊತ್ತಿಲ್ಲ ಅಂತ ಗೊತ್ತಿರಬೇಕು', ಇದನ್ನು ಮೈಕ್ ಪಕ್ಕ ಅಂಟಿಸಿಕೊಳ್ತೀನಿ.

ಸರಿ, ಈಗ ನನ್ನ ಮುಂದಿನ ವಾರದ ಮಾತಿನ ಶುರು ಹಾಕ್ತೀನಿ, ನಿರ್ದಾಕ್ಷಿಣ್ಯವಾಗಿ ಹೇಳಿ:

"ನಮಸ್ಕಾರ ಕೇಳುಗರೇ, ವಸಂತ ಋತು ಬಂದಿದೆ, ಪ್ರಕೃತಿ ಹೊಸ ಉಡುಗೆ ತೊಟ್ಟು ನಲಿಯುತ್ತಿದೆ. ಆಸ್ಟ್ರೇಲಿಯಾದಲ್ಲಿ ಈ ಕಾಲಕ್ಕೆ ಮ್ಯಾಗ್‌ಪೈ ಅನ್ನೋ ಕಪ್ಪುಬಿಳುಪು ಹಕ್ಕಿ ಗೂಡು ಕಟ್ಟುತ್ತದೆ. ಗೂಡಿನ ಹತ್ತಿರ ಯಾರಾದರೂ ಬಂದರೆ ಕೆಲವು ಹಕ್ಕಿಗಳು ಹಿಂದಿನಿಂದ ಹಾರಿ ಬಂದು ತಲೆಗೆ ಕುಕ್ಕುತ್ತವೆ. ಸೈಕಲ್‌ನವರ ಮೇಲೆ ವಿಶೇಷ ಸಿಟ್ಟು. ಅದಕ್ಕೇ ಇಲ್ಲಿ ಸೈಕಲ್ ಹೆಲ್ಮೆಟ್ಟಿಗೆ ಮುಳ್ಳುಹಂದಿ ಥರ, ವೈರು ಬಿಗಿಯುವ ಪ್ಲಾಸ್ಟಿಕ್ ಟೈ ಕಟ್ಟಿಕೊಂಡು ದೊಡ್ಡ ದೊಡ್ಡವರೆಲ್ಲ ಆಫೀಸಿಗೆ ಹೋಗುತ್ತಾರೆ."

ನಿವೃತ್ತ ಮೇಷ್ಟ್ರು:

ಪ್ರಕೃತಿ, ಉಡುಗೆ, ನಲಿಯೋದು ಎಲ್ಲ ಕಿತ್ತುಹಾಕಿ. ಹತ್ತನೇ ಕ್ಲಾಸಿನ ಪ್ರಬಂಧ ಅದು. ಹೆಲ್ಮೆಟ್ಟಿನಿಂದ ಶುರು ಮಾಡಿ. ಯಾಕೆ ಈ ಮನುಷ್ಯ ತಲೆ ಮೇಲೆ ಟೈ ಕಟ್ಟಿಕೊಂಡಿದ್ದಾನೆ ಅಂತ ಜನ ತಲೆ ಕೆರೆದುಕೊಳ್ಳಲಿ. ಹಕ್ಕಿ ಆಮೇಲೆ ಬರಲಿ.

ಸುಮಾ ನ್ಯೂಜೆರ್ಸಿ:

ಮೇಷ್ಟ್ರು ಹೇಳಿದ್ದು ಸರಿ. 'ಕೇಳುಗರೇ' ಅನ್ನೋದನ್ನೂ ಬಿಡಿ. ಒಬ್ಬರಿಗೆ ಹೇಳಿದ ಹಾಗೆ ಇರಲಿ. ನಮ್ಮಮ್ಮನಿಗೆ ಹೇಳ್ತಿದ್ದೀರಿ ಅಂದ್ಕೊಳ್ಳಿ. ಅವರಿಗೆ ಹಕ್ಕಿ ಅಂದ್ರೆ ಕಾಗೆ, ಗುಬ್ಬಿ, ಅಷ್ಟೇ. ಕಾಗೆಯೂ ಮರಿ ಇದ್ದಾಗ ತಲೆಗೆ ಕುಕ್ಕುತ್ತಲ್ಲ, ಅಲ್ಲಿಂದ ಹಿಡಿದರೆ ಅವರು ಟಕ್ಕಂತ ಒಳಗೆ ಬರ್ತಾರೆ.

ಪಾಪ್‌ಕಾರ್ನ್ ಪುಟ್ಟ:

ಆ ಪ್ಲಾಸ್ಟಿಕ್ ಟೈ ನಿಜವಾಗ್ಲೂ ಕೆಲಸ ಮಾಡುತ್ತಾ?

ಬಾನುಲಿಬಸ್ಯ:

ಪುಟ್ಟ, ಹಕ್ಕಿ ಬರೋದೇನೂ ನಿಲ್ಲಲ್ಲ. ಕೊಕ್ಕು ತಲೆಗೆ ಅಷ್ಟು ಸುಲಭವಾಗಿ ತಾಗಲ್ಲ ಅಂತಾರೆ. ನಾನು ಸೈಕಲ್ ಇಳಿದು ನಡೆದುಕೊಂಡು ಹೋಗ್ತೀನಿ. ಇಲ್ಲಿಯವರೂ ಅದನ್ನೇ ಹೇಳ್ತಾರೆ. ಸುಮಾ ಅವರೇ, ಕಾಗೆ ನನಗೆ ಹೊಳೆದೇ ಇರಲಿಲ್ಲ, ತಗೊಂಡೆ. ಭಾನುವಾರ ಕಾರ್ಯಕ್ರಮ ಮುಗಿದ ಮೇಲೆ ರೆಕಾರ್ಡಿಂಗ್ ಇಲ್ಲೇ ಹಾಕ್ತೀನಿ, ಮೇಷ್ಟ್ರು ಕೆಂಪು ಪೆನ್ನು ಹಿಡಿದು ಕಾದಿರಲಿ.